ಟೆಯೋಫಿಲ್ ಹೇಳಿದ್ದು

೧೯೪೬ ಜೂನ್ ೨೭, ಗುರುವಾರ

ಏಳನೆಯ ತರಗತಿಯ ಇಂಗ್ಲಿಷ್ ಪುಸ್ತಕಗಳನ್ನು ತಿದ್ದಿ ಮುಗಿಸಿದೆ. ಭೂತಕಾಲ ಇನ್ನೂ ಯಾರಿಗೂ ಬರುವುದಿಲ್ಲ.

ಕಳೆದ ವರ್ಷ ವಿಜಯೋತ್ಸವಕ್ಕೆ ಶಾಲೆಯ ಪಡಸಾಲೆಯಲ್ಲಿ ಕಟ್ಟಿದ್ದ ಬಾವುಟಗಳಲ್ಲಿ ಇಂಗ್ಲೆಂಡಿನದೂ ಅಮೆರಿಕದ್ದೂ ಕಾಣಲಿಲ್ಲ. ಜವಾನನನ್ನು ಕೇಳಿದೆ.

“ಬಿಸಿಲಿಗೆ ಬಣ್ಣ ಹೋಗಿದೆ ಅಂತ ತೆಗೆಸಿದ್ರು ಸಾರ್. ರಷ್ಯಾದೋರ ಕೆಂಪಿಗೆ ಮಾತ್ರ ಬಿಸಿಲು ತಾಗಲ್ವಂತೆ.”

ಸಂಜೆ ಗೆಳೆಯ ಟೆಯೋಫಿಲ್‌ನ ಔಷಧಿ ಅಂಗಡಿ. ಚೆರ್ರಿ ಹಣ್ಣಿನ ಮದ್ಯ ಸುರಿದ. ಜರ್ಮನರ ಕಾಲದಲ್ಲಿ ಇದೇ ಅಂಗಡಿಯ ನೆಲಮಾಳಿಗೆಯಲ್ಲಿ ಕದ್ದು ಲಂಡನ್ ರೇಡಿಯೊ ಕೇಳುತ್ತಿದ್ದೆವು. ಇಂಗ್ಲಿಷಿನಿಂದ ಪೋಲಿಷಿಗೆ ನಾನು ಹೇಳುತ್ತಿದ್ದೆ, ಅವನು ಬರೆದುಕೊಂಡು ಊರಿಗೆ ಹಂಚುತ್ತಿದ್ದ.

“ಹೋದ ವರ್ಷ ಯಾಲ್ಟಾದ ಸಭೇಲಿ ಮೂವರೂ ಸಹಿ ಹಾಕಿದ್ದು ಒಂದೇ ಕಾಗದಕ್ಕೆ ಕಣಯ್ಯ ಮೇಷ್ಟ್ರೇ,” ಎಂದ. “ಲಂಡನ್, ವಾಷಿಂಗ್ಟನ್‌ನೋರು ಅದರಲ್ಲಿ ಓದಿದ್ದು ನಮಗೆ ಮುಕ್ತ ಚುನಾವಣೆ ಅಂತ. ಮಾಸ್ಕೋದೋರು ಓದಿದ್ದು, ಜರ್ಮನ್ ಮತ್ತೆ ಈ ದಾರೀಲಿ ಬರದ ಹಾಗೆ ನಮ್ಮ ಮಾತು ಕೇಳೋ ನೆರೆಯವನು ಬೇಕು ಅಂತ. ಶತ್ರು ಇರೋವರೆಗೂ ಯಾರೂ ಅರ್ಥ ಕೇಳ್ಲಿಲ್ಲ.”

“ರಷ್ಯಾದ ಹುಡುಗರು ನಮ್ಮ ಚರ್ಚಿನ ಹಿಂದೆ ಮಣ್ಣಲ್ಲಿ ಮಲಗಿದಾರೆ, ಮರೀಬೇಡ,” ಎಂದೆ.

“ಮರೆತಿಲ್ಲ. ದಿನಾ ಹೂವು ಇಡ್ತಾಳೆ ನನ್ನ ಹೆಂಡ್ತಿ. ಆದ್ರೆ ಸತ್ತೋರ ಹೆಸರಲ್ಲಿ ನನ್ನ ಮತ ಯಾರೋ ಹಾಕೋದು ಬೇಡ.”

ಜೂನ್ ೩೦, ಭಾನುವಾರ

ಜನ ಚರ್ಚಿನಿಂದ ನೇರ ಮತಗಟ್ಟೆಗೆ. ಜನಮತಗಣನೆಯ ಪ್ರಶ್ನೆಗಳು ಮೂರು. ಮೂರಕ್ಕೂ ‘ಹೌದು’ ಎನ್ನಿ ಎಂದು ಗೋಡೆಗೋಡೆಯ ಮೇಲೂ ಸರ್ಕಾರ. ಮೇಲ್ಮನೆ ರದ್ದಾಗಲಿ ಎಂಬ ಮೊದಲನೆಯದಕ್ಕೆ ‘ಇಲ್ಲ’ ಎನ್ನಿ, ನಮ್ಮ ಮನಸ್ಸು ಲೋಕಕ್ಕೆ ತಿಳಿಯಲಿ ಎಂದು ರೈತ ಪಕ್ಷ. ಆ ಪಕ್ಷದ ಪರವಾಗಿ ಎಣಿಕೆಗೆ ಕೂತವನು ಟೆಯೋಫಿಲ್. ಶಾಲೆಯ ಕಡೆಯಿಂದ ನಾನು.

ಎರಡು ಸಲ ಎಣಿಸಿದೆವು. ಮೊದಲನೆಯದಕ್ಕೆ ‘ಇಲ್ಲ’ ೮೧೨. ‘ಹೌದು’ ೨೦೬.

ಜುಲೈ ೧

ಸಹಿಗೆ ಕರೆದರು. ಕಾಗದದಲ್ಲಿ ‘ಹೌದು’ ೮೧೨, ‘ಇಲ್ಲ’ ೨೦೬. ಹೊಸ ಅಂಕಿ ಹುಟ್ಟಿಸುವ ಶ್ರಮವನ್ನೂ ಪಟ್ಟಿಲ್ಲ. ಟೆಯೋಫಿಲ್ ಪೆನ್ನು ಮುಟ್ಟಲಿಲ್ಲ; ಟೋಪಿ ಹಾಕಿಕೊಂಡು ಹೊರಟ. ನಾನು ಸಹಿ ಹಾಕಿದೆ.

ಜುಲೈ ೩, ಬುಧವಾರ

ಬೆಳಿಗ್ಗೆ ಭದ್ರತಾ ಪೊಲೀಸಿನ ಲೆಫ್ಟಿನೆಂಟ್ ಕಾಲುಜಾ ಮನೆಗೇ ಬಂದ.

“ಲಂಡನ್ ಪತ್ರಿಕೆಯವನೊಬ್ಬ ಬರ್ತಿದಾನೆ. ಇಂಗ್ಲಿಷ್ ಬಲ್ಲೋರು ಊರಲ್ಲಿ ನೀವೊಬ್ರೇ ಅಲ್ವಾ ಮೇಷ್ಟ್ರೇ? ಯುದ್ಧದಲ್ಲಿ ರೇಡಿಯೊ ಕೇಳಿ ಕಲ್ತಿದ್ದಂತೆ.” ನಕ್ಕ. “ಯಾರಿಗೋಸ್ಕರ ಕೇಳ್ತಿದ್ರಿ ಅಂತ ನಾವಿನ್ನೂ ಕೇಳಿಲ್ಲ.”

ಮಧ್ಯಾಹ್ನ ಪತ್ರಿಕೆಯವನು ಬಂದ—ಪೆಂಬರ್ಟನ್. ರೈತ ಪಕ್ಷದ ಪರ ಎಣಿಸಿದವನನ್ನು ಕಾಣಲು ನೇರ ಔಷಧಿ ಅಂಗಡಿಗೆ ಹೋಗಬೇಕೆಂದ. ನಾನು ಜೊತೆಗೆ, ಹಿಂದೆ ಕಾಲುಜಾ. ಎಣಿಕೆ ಸರಿಯಾಗಿತ್ತೇ ಎಂದು ಪೆಂಬರ್ಟನ್ ಕೇಳಿದ.

ಟೆಯೋಫಿಲ್ ಕಾಲುಜಾನ ಮುಖ ನೋಡಿಕೊಂಡೇ ಹೇಳಿದ: “ಎಂಟುನೂರ ಹನ್ನೆರಡು ಜನ ಇಲ್ಲ ಅಂದ್ರು. ನಾನೇ ಎಣಿಸಿದೀನಿ. ಬೆಳಗಾಗೋದ್ರಲ್ಲಿ ತಿರುಗಿಸಿದ್ರು. ನಾನು ಸಹಿ ಹಾಕಿಲ್ಲ. ನನ್ನ ಹೆಸರು ಹಾಕೇ ಬರೀರಿ ಅಂತ ಹೇಳು.”

ನಾನು ಇಂಗ್ಲಿಷಿನಲ್ಲಿ ಹೇಳಿದ್ದು: ಎಲ್ಲ ಕ್ರಮವಾಗಿಯೇ ನಡೆಯಿತು ಎನ್ನುತ್ತಾರೆ, ಹೆಸರು ಹಾಕಬಹುದಂತೆ.

ಪೆಂಬರ್ಟನ್ ಬರೆದುಕೊಂಡ. ಟೆಯೋಫಿಲ್ ಹುಬ್ಬೇರಿಸಿದ. “ಇಷ್ಟುದ್ದ ಹೇಳಿದೆನಲ್ಲಯ್ಯ, ಇಂಗ್ಲಿಷಲ್ಲಿ ಅಷ್ಟು ಚಿಕ್ಕದಾಯ್ತಾ?”

“ಆ ಭಾಷೆ ಹಾಗೇನೆ,” ಎಂದೆ.

ಕಾಲುಜಾನಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಅಲ್ಲಿ ನಿಜ ಹೇಳಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅದು ಹೊಳೆದದ್ದು ಮನೆಗೆ ಬಂದ ಮೇಲೆ... ಇಲ್ಲ, ಸುಳ್ಳು. ಅಲ್ಲೇ ಹೊಳೆದಿತ್ತು. ನಾಳೆ ಅಚ್ಚಾದರೆ ಎಂದು ಹೆದರಿದೆ.

ಜುಲೈ ೨೦

ಅಚ್ಚಾಯಿತು. ಲಂಡನ್‌ನಲ್ಲಿ ನಾಲ್ಕು ಸಾಲು. ಜಿಲ್ಲಾ ಪತ್ರಿಕೆ ಅದನ್ನೆತ್ತಿ ಮುಖಪುಟಕ್ಕೇ ಹಾಕಿದೆ: ‘ಎಣಿಕೆ ಸರಿ: ಇಂಗ್ಲಿಷಿನವನ ಮುಂದೆ ವಿರೋಧಿಯೇ ಒಪ್ಪಿಕೊಂಡ’. ಕೆಳಗೆ ಟೆಯೋಫಿಲ್‌ನ ಪೂರ್ತಿ ಹೆಸರು.

ಬ್ರೆಡ್ಡಿನ ಸಾಲಿನಲ್ಲಿ ಒಬ್ಬಳು ಅವನನ್ನು ಕಂಡು ಉಗಿದಳಂತೆ. ಎಷ್ಟಕ್ಕೆ ಮಾರಿಕೊಂಡೆ ಎಂದಳಂತೆ. ಪಕ್ಷ ಅವನನ್ನು ತೆಗೆದುಹಾಕಿದೆ.

ದಾರಿಯಲ್ಲಿ ಸಿಕ್ಕ. “ಆ ಇಂಗ್ಲಿಷಿನವನು ತಪ್ಪಾಗಿ ಕೇಳಿಸ್ಕೊಂಡ ಅಂತ ಕಾಣತ್ತೆ. ಅಲ್ವಾ ಮೇಷ್ಟ್ರೇ?”

ತಪ್ಪಿಸಿಕೊಳ್ಳಲು ಅವನೇ ದಾರಿ ಮಾಡಿಕೊಟ್ಟ. ನುಸುಳಿದೆ. “ಹೌದು, ತಪ್ಪಾಗಿ ಕೇಳಿಸ್ಕೊಂಡಿರಬೇಕು.”

“ಸರಿ ಹಾಗಾದ್ರೆ.” ಕೈ ಕುಲುಕಲಿಲ್ಲ.

ಸೆಪ್ಟೆಂಬರ್ ೩೦

ಟೆಯೋಫಿಲ್‌ನನ್ನು ಭದ್ರತೆಯವರು ಕರೆದೊಯ್ದರು. ಆಯುಧ ಬಚ್ಚಿಟ್ಟನಂತೆ. ಬೇರೆಯವರಾಗಿದ್ದರೆ ಊರು ಗುಸುಗುಸು ಎನ್ನುತ್ತಿತ್ತು. ಇವನಿಗಾಗಿ ಒಬ್ಬರೂ ಬಾಯಿ ಬಿಡಲಿಲ್ಲ. ಮಾರಿಕೊಂಡವನಲ್ಲವೇ.

೧೯೪೭ ಜನವರಿ ೧೪, ಮಂಗಳವಾರ

ಬರುವ ಭಾನುವಾರ ಚುನಾವಣೆ. ಟೆಯೋಫಿಲ್‌ನ ಹೆಂಡತಿ ವಲೇರಿಯಾ ಬಂದಳು. ಬೂಟಿನ ಹಿಮವನ್ನೂ ಕೊಡವಲಿಲ್ಲ.

“ವಾರ್ಸಾಗೆ ಹೋಗ್ತೀನಿ. ಹೊರದೇಶದ ಪತ್ರಿಕೆಯವರು ಬಂದಿದಾರಂತೆ. ಆ ದಿನ ನಮ್ಮನೆಯವರು ಏನು ಹೇಳಿದ್ರು ಅನ್ನೋದಕ್ಕೆ ಸಾಕ್ಷಿ ನೀವೊಬ್ರೇ. ಏನು ಹೇಳಿದ್ರು?”

ಹೇಳಿದೆ. ಅವನು ಅಂದದ್ದನ್ನೂ, ನಾನು ಅಂದದ್ದನ್ನೂ.

ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. “ಹಾಗಾದ್ರೆ ಮಾರಿಕೊಂಡೋರು ಅವರಲ್ಲ,” ಎಂದಳು. ಆಮೇಲೆ: “ಬರೆದು ಸಹಿ ಹಾಕಿ ಕೊಡಿ. ಪೋಲಿಷಲ್ಲೂ ಇಂಗ್ಲಿಷಲ್ಲೂ.”

“ನಾಳೆ ಕೊಡ್ತೀನಿ ಅಮ್ಮಾ.”

ಜನವರಿ ೧೫

ಬರೆಯಲಿಲ್ಲ. ಜ್ವರವೆಂದು ಹೇಳಿಕಳಿಸಿದೆ. ಜ್ವರವಿಲ್ಲ.

ರೇಡಿಯೊ: ಯಾಲ್ಟಾದ ಮಾತು ಮುರಿಯುತ್ತಿದೆ ಎಂದು ವಾಷಿಂಗ್ಟನ್ ಪತ್ರ ಬರೆದಿತ್ತಂತೆ. ಹಾಗೇನೂ ಇಲ್ಲ ಎಂದು ಮಾಸ್ಕೋದ ಉತ್ತರ. ಎರಡು ವರ್ಷದ ಹಿಂದೆ ಒಂದೇ ಶತ್ರುವಿನ ಮೇಲೆ ಗುಂಡು ಹಾರಿಸಿದವರು. ಈಗ ಒಬ್ಬರ ಮಾತು ಒಬ್ಬರಿಗೆ ಸುಳ್ಳು. ಲಂಡನ್‌ನವರ ಕೈಯಲ್ಲಿ ನಮ್ಮೂರಿನ ನಿಜ ಒಂದಿರಬೇಕಿತ್ತು. ಇಲ್ಲ. ನನ್ನಿಂದ.

ಜನವರಿ ೧೭, ಶುಕ್ರವಾರ, ಬೆಳಿಗ್ಗೆ ೧೦

ಹನ್ನೊಂದಕ್ಕೆ ರೈಲು. ವಲೇರಿಯಾ ಹೊಸ್ತಿಲಾಚೆ ನಿಂತಿದ್ದಾಳೆ. ಒಳಗೆ ಬನ್ನಿ ಎಂದರೆ ಬೇಡವೆಂದು ತಲೆಯಾಡಿಸಿದಳು, ಅಷ್ಟೇ. ಕರಡು ಇಲ್ಲೇ ಬರೆದುಕೊಳ್ಳುತ್ತೇನೆ.

‘ಜುಲೈ ಮೂರರಂದು ತನ್ನ ಅಂಗಡಿಯಲ್ಲಿ ಟೆಯೋಫಿಲ್ ಹೇಳಿದ್ದು: ಎಂಟುನೂರ ಹನ್ನೆರಡು ಮಂದಿ ‘ಇಲ್ಲ’ ಎಂದರು, ಅದನ್ನು ತಿರುಗಿಸಲಾಯಿತು, ನಾನು ಸಹಿ ಹಾಕಿಲ್ಲ. ಹೆದರದೆ ಹೇಳಿದ. ಅದನ್ನು ಇಂಗ್ಲಿಷಿನಲ್ಲಿ ಸುಳ್ಳು ಮಾಡಿದವನು ಈ ಊರಿನ ಶಾಲಾ ಮೇಷ್ಟ್ರು.’

ಮೇಷ್ಟ್ರು ಎಂದರೆ ಸಾಲದೇ? ಊರಿಗೊಬ್ಬನೇ ಇಂಗ್ಲಿಷ್ ಮೇಷ್ಟ್ರು, ಗೊತ್ತಾಗುತ್ತದೆ... ಸಾಲದು. ಅವನು ತನ್ನ ಹೆಸರು ಹಾಕು ಎಂದಿದ್ದ.

‘ನನ್ನ ಹೆಸರು...’ ಅದನ್ನು ಅವಳಿಗೆ ಕೊಡುವ ಹಾಳೆಯ ಮೇಲೇ ಬರೆಯುತ್ತೇನೆ.