ದುಬೈಯ ಇಂಜಿನ್ ಆಯಿಲ್

ಜೂನ್ 14, ಶನಿವಾರ

ಲಯನೆಲ್ ಅಂಕಲ್ ದುಬೈಯಿಂದ ಪ್ರೀತಿಯಿಂದ ತರಿಸಿಕೊಟ್ಟ ಆಯಿಲ್ ಹಾಕಿದಾಗಿನಿಂದ ಕದ್ರಿಯ ಏರಿನಲ್ಲಿ ಇಂಜಿನ್ ಅರಚುತ್ತದೆ, ಬೈಕ್ ಮಾತ್ರ ಮುಂದೆ ಹೋಗುವುದಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಎಲೇನ್ ಡಬ್ಬಿಯ ಹಿಂಬದಿ ಓದಿದಳು. "ಇದು ಕಾರಿನದ್ದು ಮಾರಾಯ, ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರ್ತದಲ್ಲ, ಜಾರದೆ ಎಂತ ಮಾಡ್ತದೆ?" ಹಂಪನಕಟ್ಟೆಗೆ ಹೋಗಿ ಬೈಕಿನದ್ದೇ ಆಯಿಲ್ ಹಾಕಿಸಿದೆವು.

ಸಂಜೆ ಅಂಕಲ್ ಮನೆಗೇ ಬಂದರು. "ಹೇಗುಂಟು ನನ್ನ ಆಯಿಲ್?" ಎಲೇನ್ ಉಳಿದ ಡಬ್ಬಿಯನ್ನು ಅವರ ಕೈಗಿಟ್ಟಳು. "ಇಷ್ಟು ಒಳ್ಳೆಯದು ಬೈಕಿಗೆ ಎಂತಕ್ಕೆ ಅಂಕಲ್? ನಿಮ್ಮ ಕಾರಿಗೇ ಹಾಕಿ."

ಅಂಕಲ್ ಉಬ್ಬಿಹೋದರು. ಅವಳು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಎಂಥ ಹೆಂಗಸು!

ಈಗ ನೆನಪಾಗುತ್ತಿದೆ. ನಾನು ಮೊದಲ ಸಲ ಎಲೇನ್‌ಗೆ ತಂದ ಸೀರೆಯನ್ನು "ಇಷ್ಟು ಚಂದದ್ದು ಮನೆಯಲ್ಲಿ ಎಂತಕ್ಕೆ, ಏವ್ರಿಲ್‌ಳ ಮದುವೆಗೆ ಕೊಡುವ" ಎಂದು ತನ್ನ ತಂಗಿಗೆ ಕೊಟ್ಟಿದ್ದಳು. ಅವತ್ತು ನಾನೂ ಹೀಗೆಯೇ ಉಬ್ಬಿ...