ವಿಭೂತಿಯ ಕೆಳಗಿನ ಮುಳ್ಳು

ನಮ್ಮ ಅಡುಗೆಮನೆಯ ಕೆಂಪು ಸಿಲಿಂಡರಿಗೆ ಕೈಮುಗಿದು ಹೋದ ಸುರಕ್ಷತಾ ತಪಾಸಣಾಧಿಕಾರಿಗಳೇ,

ಮೊದಲು ‘ಮಾನ್ಯರೇ’ ಎಂದು ಬರೆಯಬೇಕೆಂದು ನನಗೂ ಗೊತ್ತು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ದೂರು ಕೇಳಿ. ಸಿರುಗುಪ್ಪದಿಂದ ಕುರುಗೋಡಿಗೆ ಹೋಗುವ ದಾರಿಯಲ್ಲಿರುವ ನಮ್ಮ ಹೆಣ್ಣುಮಕ್ಕಳ ವಸತಿನಿಲಯದ ಅಡುಗೆಮನೆಗೆ ಹೋದ ತಿಂಗಳು ಬೆಂಕಿ ಹತ್ತಿತು. ಬೆಂಕಿ ಆರಿಸಲೆಂದು ಗೋಡೆಗೆ ತೂಗುಹಾಕಿದ್ದ ಸಿಲಿಂಡರ್ ಖಾಲಿಯಿತ್ತು. ನನ್ನ ಜೊತೆ ಅಡುಗೆ ಮಾಡುವ ಜಡೆಮ್ಮ ಉರಿಯೊಳಗೆ ಬರಿಗೈ ಹಾಕಿ ಬೆಂಕಿ ಆರಿಸಿದಳು. ಈಗ ನಿಲಯದ ಆಡಳಿತ ಮಂಡಳಿಯಿಂದ ಅವಳಿಗೇ ನೋಟಿಸು ಬಂದಿದೆ. “ಸುಸ್ಥಿತಿಯಲ್ಲಿದ್ದ ಅಗ್ನಿಶಾಮಕ ಉಪಕರಣವನ್ನು ಬಳಸದೆ ನಿರ್ಲಕ್ಷ್ಯ ತೋರಿದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?” ಎಂದು. ಬರುವ ಸೋಮವಾರದೊಳಗೆ ಉತ್ತರ ಕೊಡಬೇಕು. ಜಡೆಮ್ಮನಿಗೆ ಓದು ಬರಹ ಬಾರದು, ಹೆಬ್ಬೆಟ್ಟು ಒತ್ತುವವಳು. ಹೆಬ್ಬೆಟ್ಟು ಒತ್ತುವ ಬಲಗೈಗೇ ಈಗ ಪಟ್ಟಿ ಕಟ್ಟಿದೆ. ಆದ್ದರಿಂದ ನಾನು ಬರೆಯುತ್ತಿದ್ದೇನೆ, ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ಸುಸ್ಥಿತಿ ಎಂಬ ಆ ಮಾತನ್ನು ಮಂಡಳಿಯವರು ಸ್ವಂತ ಬುದ್ಧಿಯಿಂದ ಬರೆದದ್ದಲ್ಲ. ಬೆಂಕಿಗೆ ಮೂರು ವಾರ ಮೊದಲು ನೀವು ಬಂದು ಸಿಲಿಂಡರಿನ ಕೊರಳ ಚೀಟಿಯ ಮೇಲೆ ಬರೆದು ರುಜು ಹಾಕಿದ ಮಾತು ಅದು. ಆದರೆ ನಿಮ್ಮನ್ನೊಬ್ಬರನ್ನೇ ಬೈದರೆ ಶಿವ ಮೆಚ್ಚುವುದಿಲ್ಲ. ಆ ಪಾಪದಲ್ಲಿ ನನ್ನ ಪಾಲು ದೊಡ್ಡದು, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಅಲ್ಲಿಯ ಹಿರಿಯ ಅಡುಗೆಯವಳು. ವಯಸ್ಸು ಐವತ್ತು. ಓದು ಹಚ್ಚೊಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು, ಭಕ್ತಿ ಮಾತ್ರ ಎಂ.ಎ. ತನಕ ಆಗಿದೆ. ಏಳು ವರ್ಷದ ಹಿಂದೆ ಬಳ್ಳಾರಿಯಿಂದ ಒಬ್ಬಾತ ಬಂದು ಉಗ್ರಾಣದ ಬಾಗಿಲ ಪಕ್ಕ ಗೋಡೆ ಕೊರೆದು ಆ ಸಿಲಿಂಡರನ್ನು ತೂಗುಹಾಕಿದ. ಹೇಗೆ ಬಳಸುವುದೆಂದು ಹೇಳಲಿಲ್ಲ. ಯಾರೂ ಮುಟ್ಟಬಾರದು ಎಂದಷ್ಟೇ ಹೇಳಿ ಮೋಟರ್‌ಸೈಕಲ್ ಹತ್ತಿದ. ನನಗೆ ತಿಳಿದಂತೆ ಲೋಕದಲ್ಲಿ ಮುಟ್ಟಬಾರದ್ದು ಎರಡೇ, ಒಂದು ಕರೆಂಟಿನ ವೈರು, ಇನ್ನೊಂದು ದೇವರು. ಬೆರಳು ತಾಗಿಸಿ ನೋಡಿದೆ, ಶಾಕ್ ಹೊಡೆಯಲಿಲ್ಲ. ಹಾಗಾದರೆ ದೇವರೇ ಎಂದುಕೊಂಡೆ.

ಅಂದಿನಿಂದ ಸೋಮವಾರಕ್ಕೊಮ್ಮೆ ಅದಕ್ಕೆ ವಿಭೂತಿ. ಅದರ ಕೊರಳಿನಲ್ಲಿ ರೂಪಾಯಿ ಬಿಲ್ಲೆಯಷ್ಟಗಲದ ಒಂದು ಗಾಜು ಇದೆಯಲ್ಲ, ಅದು ನನ್ನ ಕಣ್ಣಿಗೆ ಹಣೆಯಂತೆ ಕಂಡಿತು. ಮೂರು ಬೆರಳಿನಿಂದ ಅಲ್ಲಿಗೇ ಬಳಿಯುತ್ತಿದ್ದೆ. ಆಯುಧ ಪೂಜೆಯ ದಿನ ಗ್ರೈಂಡರು, ಒಲೆ, ಈಳಿಗೆಮಣೆ ಎಲ್ಲಕ್ಕೂ ಪೂಜೆಯಾದ ಮೇಲೆ ಇದಕ್ಕೂ ಕಂಕಣ. ಕಟ್ಟಲು ಬೇರೆ ಜಾಗ ಕಾಣದೆ ಮೇಲಿನ ಹಿಡಿಕೆಗೂ ಅದರ ಪಕ್ಕದ ಉಂಗುರಕ್ಕೂ ಸೇರಿಸಿ ಬಿಗಿಯಾಗಿ ಕಟ್ಟುತ್ತಿದ್ದೆ. ಹಳೆಯ ಕಂಕಣ ಬಿಚ್ಚಬಾರದೆಂಬ ಶಾಸ್ತ್ರವನ್ನೂ ನಾನೇ ಮಾಡಿದೆ. ಏಳು ವರ್ಷಕ್ಕೆ ಏಳು ದಾರ, ಏಳೂ ಕಗ್ಗಂಟು. ಜಡೆಮ್ಮ ಒಮ್ಮೆ ಕೇಳಿದ್ದಳು:

“ಅಕ್ಕಾ, ಇದನ್ನ ಬಳಸೋದು ಹೆಂಗಂತ ಯಾರನ್ನಾರ ಕೇಳೋಣೇನು?”

“ಸುಮ್ನಿರ ಬೇ, ದೇವರನ್ನ ಯಾರಾರ ಬಳಸ್ತಾರೇನು?” ಎಂದು ಅವಳ ಬಾಯಿ ಮುಚ್ಚಿಸಿದೆ. ನನ್ನ ಐವತ್ತು ವರ್ಷದಲ್ಲಿ ಆಡಿದ ಮಾತುಗಳಲ್ಲಿ ಇದಕ್ಕಿಂತ ದಡ್ಡತನದ್ದು ಇನ್ನೊಂದಿಲ್ಲ. ಇದ್ದರೂ ಜಡೆಮ್ಮನಿಗೆ ಮಾತ್ರ ನೆನಪಿರಬೇಕು.

ಇನ್ನು ನಿಮ್ಮ ಪಾಲು. ಅವತ್ತು ನೀವು ಹೊಸ್ತಿಲ ಹೊರಗೇ ಬೂಟು ಬಿಚ್ಚಿ ಬಂದಿರಿ. ನೋಡಿದ ಕೂಡಲೇ ಇವರು ಒಳ್ಳೆಯ ಮನೆತನದವರು ಎಂದುಕೊಂಡೆ. ಸಿಲಿಂಡರಿನ ಮುಂದೆ ನಿಂತು ವಿಭೂತಿ, ಕಂಕಣ, ಕಣಗಿಲೆ ಹೂವು ಎಲ್ಲ ನೋಡಿದಿರಿ. ಜೇಬಿನಿಂದ ಕೈ ತೆಗೆದು ಮುಗಿದಿರಿ. “ಭಾಳ ಚೆಂದ ಇಟ್ಕಂಡೀರವ್ವಾ. ಇಂಥಾದ್ದನ್ನ ಇನ್ನೇನು ತಪಾಸಣಿ ಮಾಡೋದು” ಎಂದಿರಿ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ನಿಂತಲ್ಲೇ ಚೀಟಿಯ ಮೇಲೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದಿರಿ. ನಾನು ಒಗ್ಗರಣೆ ಮಂಡಕ್ಕಿ ಕೊಟ್ಟು ಎರಡು ಮಿರ್ಚಿ ಬಜ್ಜಿ ಇಟ್ಟೆ. ಒಂದನ್ನು ಮುರಿದು ಒಳಗೆ ಬೆಂದಿದೆಯೇ ಎಂದು ನೋಡಿದಿರಿ, ಇನ್ನೊಂದನ್ನು ಕಚ್ಚಿ ಖಾರ ಎಷ್ಟೆಂದು ನೋಡಿದಿರಿ, ಮತ್ತೆರಡು ಹಾಕಿಸಿಕೊಂಡಿರಿ. ನಮ್ಮ ಅಡುಗೆಮನೆಯಲ್ಲಿ ನೀವು ನಿಯಮದ ಪ್ರಕಾರ ತಪಾಸಣೆ ಮಾಡಿದ್ದು ಮಿರ್ಚಿಯನ್ನು ಮಾತ್ರ. ನಾನು ಭಕ್ತಿಯಿಂದ ಕುರುಡಿಯಾಗಿದ್ದೆ, ಒಪ್ಪುತ್ತೇನೆ. ನಿಮಗೆ ಸಂಬಳ ಬರುವುದು ಕಣ್ಣಿಗೋ, ಭಕ್ತಿಗೋ?

ಬೆಂಕಿ ಹತ್ತಿದ್ದು ಭಾನುವಾರ ಬೆಳಿಗ್ಗೆ. ಮೇಲಿನ ಕೋಣೆಗಳಲ್ಲಿ ಅರವತ್ತು ಹುಡುಗಿಯರು, ರಜೆಯೆಂದು ಅರ್ಧ ಜನ ಇನ್ನೂ ಮಲಗಿದ್ದರು. ಒಲೆಯ ಹಿಂದೆ ಗ್ಯಾಸಿನ ಪೈಪಿನಲ್ಲಿ ಬಿರುಕು ಬಿಟ್ಟು ಅಲ್ಲಿಂದ ಉರಿ ನಾಲಿಗೆ ಚಾಚಿತು. ನಾನು ನೇರ ಕೆಂಪು ಸಿಲಿಂಡರಿನ ಹತ್ತಿರ ಓಡಿದೆ, ಅದರ ಮೈಮೇಲೆ ಅಂಟಿಸಿದ್ದ ಚಿತ್ರದಲ್ಲಿ ಉಂಗುರ ಎಳೆಯುವ ಕೈ ಇತ್ತು. ಎಳೆದೆ. ಉಂಗುರ ಬರಲಿಲ್ಲ. ನನ್ನ ಏಳು ಕಂಕಣಗಳು ಬಿಡಲಿಲ್ಲ. ಉಗುರಿನಿಂದ ಗಂಟು ಬಿಚ್ಚಲು ನೋಡಿದೆ, ಹಲ್ಲಿನಿಂದ ಕಚ್ಚಿದೆ, ಕೊನೆಗೆ ಸಿಲಿಂಡರನ್ನು ಗೋಡೆಯಿಂದ ಇಳಿಸಿ, ಈಳಿಗೆಮಣೆಗೆ ಅದರ ಕುತ್ತಿಗೆ ಒತ್ತಿ ದಾರ ಕೊಯ್ದೆ. ಉಂಗುರ ಕಿತ್ತು ಹಿಡಿಕೆ ಅದುಮಿದೆ. ಬಿಸಿಲಲ್ಲಿ ಎಮ್ಮೆ ನಿಟ್ಟುಸಿರು ಬಿಟ್ಟಷ್ಟೂ ಗಾಳಿ ಬರಲಿಲ್ಲ. ಒಂದು ಚಿಟಿಕೆ ಬಿಳಿ ಪುಡಿ ನನ್ನ ಸೀರೆಯ ಮೇಲೆ ಉದುರಿತು. ಅದು ಸಿಲಿಂಡರಿನ ಮದ್ದೋ, ನಾನು ಬಳಿದ ವಿಭೂತಿಯೋ, ಇವತ್ತಿಗೂ ಗೊತ್ತಿಲ್ಲ.

ನಾನು ಗಂಟಿನ ಜೊತೆ ಗುದ್ದಾಡುತ್ತಿದ್ದಾಗ ಜಡೆಮ್ಮ ಅಕ್ಕಿಯ ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿ ತಂದು ಉರಿಯ ಮೇಲೆ ಹಾಕಿದ್ದಳು. ಆಮೇಲೆ ಕೈ ಒಳಗೆ ತೂರಿಸಿ ಗ್ಯಾಸಿನ ವಾಲ್ವು ತಿರುಗಿಸಿದಳು. ಉರಿ ನಿಂತಿತು. ಅವಳು ಹೇಳಿದ್ದು ಒಂದೇ ಮಾತು, “ಅಕ್ಕಾ, ಹುಡುಗೀರನ್ನ ಕೆಳಗ ಕರಕಂಡ್ ಬಾ.” ಆಗ ಅವಳ ಕೈ ನೋಡಿದೆ. ಏನು ನೋಡಿದೆ ಎಂದು ಬರೆಯುವುದಿಲ್ಲ, ನಿಮಗೆ ಊಟ ಸೇರಬೇಕಲ್ಲ.

ಮರುದಿನ ಗ್ಯಾಸ್ ಪೈಪು ಬದಲಿಸಲು ಬಂದ ಹುಲುಗೇಶ ಸಿಲಿಂಡರಿನ ಗಾಜಿನ ಮೇಲಿನ ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿದ. ಒಳಗೆ ಗಡಿಯಾರದಲ್ಲಿರುವಂಥ ಒಂದು ಸಣ್ಣ ಮುಳ್ಳು ಇತ್ತು. ಅದು ಹಸಿರಿನಲ್ಲಿ ನಿಂತರೆ ಒಳಗೆ ದಮ್ಮಿದೆ ಎಂದು, ಕೆಂಪಿಗೆ ಬಿದ್ದರೆ ದಮ್ಮಿಲ್ಲ ಎಂದು ಲೆಕ್ಕವಂತೆ. ನಾನು ಹೆಚ್ಚೆಂದರೆ ಮೂರು ಸಲ ಒತ್ತಿದ್ದೆ, ಅದಕ್ಕೇ ಖಾಲಿಯಾಯಿತೇನೋ ಎಂದು ಕೇಳಿದೆ. ಅವನು ಬುಡ ತಿರುಗಿಸಿ ತೋರಿಸಿದ. ತುಕ್ಕು ಹಿಡಿದು ತೂತಾಗಿತ್ತು. ಅದಕ್ಕೂ ಕಾರಣ ನಾನೇ, ಶ್ರಾವಣದಲ್ಲಿ ವಾರಕ್ಕೆರಡು ಸಲ ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದೆ. “ಅಮ್ಮಾ, ಇದು ಸತ್ತು ವರ್ಷಾತು. ನೀವು ತಿಥಿ ಮಾಡೋದು ಬಿಟ್ಟು ಪೂಜಿ ಮಾಡೀರಿ” ಎಂದ. ನಗು ಬಂತು, ಅಳುವೂ ಬಂತು.

ಇದನ್ನೆಲ್ಲ ನಿಮಗೆ ಬಾಯಲ್ಲೇ ಹೇಳೋಣವೆಂದು ಹೋದ ಬುಧವಾರ ಜಡೆಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಬಳ್ಳಾರಿಗೆ ಬಂದೆ. ಕಂಟೋನ್ಮೆಂಟಿನ ನಿಮ್ಮ ಕಚೇರಿಯಲ್ಲಿ ನೀವಿರಲಿಲ್ಲ, ತಪಾಸಣೆಗೆ ಹೋಗಿದ್ದಿರಂತೆ. ಎಲ್ಲಿ ಮಿರ್ಚಿ ಕರಿದಿದ್ದರೋ. ಗುಮಾಸ್ತರು ಕಡತ ನೋಡಿ, ಉಪಕರಣ ಮುಂದಿನ ಮಾರ್ಚ್ ತಿಂಗಳ ತನಕ ಸುಸ್ಥಿತಿಯಲ್ಲಿದೆ, ಆದ್ದರಿಂದ ಹೊಸದು ಕೊಡಲು ಬರುವುದಿಲ್ಲ ಎಂದರು. ತಳ ತೂತಾಗಿದೆ ಎಂದೆ. ಕಡತದಲ್ಲಿ ತೂತಿಲ್ಲ ಎಂದರು. ಅವರ ಬೆನ್ನ ಹಿಂದೆ ಗೋಡೆಯಲ್ಲೊಂದು ಕೆಂಪು ಸಿಲಿಂಡರ್ ಇತ್ತು, ಅದರ ಹಿಡಿಕೆಗೆ ಯಾರೋ ಛತ್ರಿ ತೂಗುಹಾಕಿದ್ದರು. ಈಗ ನಾನು ಕಲಿತವಳಲ್ಲವೇ, ಹತ್ತಿರ ಹೋಗಿ ಮುಳ್ಳು ನೋಡಿದೆ. ಕೆಂಪಿನಲ್ಲಿತ್ತು. ಹಳೆಯ ಚಾಳಿ, ಕೈ ತಾನಾಗಿ ಮುಗಿಯಿತು. ಜಡೆಮ್ಮ ಎಡಗೈಯಿಂದ ನನ್ನ ಸೆರಗು ಹಿಡಿದು ಎಳೆದುಕೊಂಡು ಹೊರಗೆ ಬಂದಳು.

ಹಾಗಾಗಿ ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿ ತೂಗುತ್ತಿರುವುದು ಅದೇ ತೂತು ಸಿಲಿಂಡರ್. ಅದರ ಮೇಲಿನ ಕೋಣೆಗಳಲ್ಲಿ ಅರವತ್ತು ಹುಡುಗಿಯರು ಮಲಗುತ್ತಾರೆ. ಕಡತದಲ್ಲಿ ಎಲ್ಲರೂ ಕ್ಷೇಮ. ಜಡೆಮ್ಮನಿಗೆ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ, ಈ ಕೆಲಸ ಹೋದರೆ ಸುಟ್ಟ ಕೈಯಿಟ್ಟುಕೊಂಡು ಕರೂರಿನ ಗದ್ದೆಗಳಲ್ಲಿ ನಾಟಿಗೆ ಇಳಿಯಬೇಕು. ಕೈ ಸುಟ್ಟುಕೊಂಡವಳು ನಿರ್ಲಕ್ಷ್ಯದವಳು, ಕೈಮುಗಿದ ನೀವೂ ನಾನೂ ಕರ್ತವ್ಯನಿಷ್ಠರು. ಇದು ಯಾವ ಊರಿನ ನ್ಯಾಯ?

ನಾನು ಕೇಳುವುದು ಇಷ್ಟೇ. ಸೋಮವಾರಕ್ಕೆ ಮೊದಲು ಬನ್ನಿ. ವಿಭೂತಿ ತೊಳೆದಿದ್ದೇನೆ, ದಾರ ತೆಗೆದಿದ್ದೇನೆ, ಮುಳ್ಳು ಕಾಣುತ್ತದೆ. ಹಿಂದೆ ಬರೆದ ಪೆನ್ನಿನಿಂದಲೇ ‘ಖಾಲಿ ಇತ್ತು, ನಾನು ನೋಡಲಿಲ್ಲ’ ಎಂದು ಬರೆದು ಮಂಡಳಿಗೆ ಕೊಡಿ. ಅದರ ಕೆಳಗೆ ‘ಉಂಗುರಕ್ಕೆ ಗಂಟು ಹಾಕಿದವಳು ನಾನು’ ಎಂದು ನಾನೂ ಬರೆದು ಸಹಿ ಮಾಡುತ್ತೇನೆ. ನೋಟಿಸು ಯಾರಿಗಾದರೂ ಬೇಕೇ ಬೇಕೆಂದರೆ ನಮ್ಮಿಬ್ಬರಿಗೆ ಬರಲಿ. ತುಂಬಿದ ಸಿಲಿಂಡರ್ ತಂದುಕೊಡಿ, ಬಳಸುವುದು ಹೇಗೆಂದು ಮೊದಲು ಜಡೆಮ್ಮನಿಗೆ ಕಲಿಸಿ, ಆಮೇಲೆ ನನಗೆ. ತಿಂಗಳಿಗೊಮ್ಮೆ ಮುಳ್ಳು ನೋಡುವ ವ್ರತ ನಾನು ಹಿಡಿದಿದ್ದೇನೆ, ಅದಕ್ಕೆ ಹೂವು ಬೇಡ, ಕನ್ನಡಕ ಸಾಕು. ನೀವು ಬಂದರೆ ಮಿರ್ಚಿ ಖಂಡಿತ ಕೊಡುತ್ತೇನೆ. ಮುಳ್ಳು ನೋಡಿದ ಮೇಲೆ. ಅವತ್ತು ನಿಮ್ಮನ್ನು ಬಾಯ್ತುಂಬ ಮಾನ್ಯರೇ ಎಂದೂ ಕರೆಯುತ್ತೇನೆ.

ಇಂತಿ,
ಸತ್ತ ಸಿಲಿಂಡರಿಗೆ ಏಳು ವರ್ಷ ಆರತಿ ಎತ್ತಿದ,
ವೀರಭದ್ರಮ್ಮ, ಅಡುಗೆಯವಳು

ಜಡೆಮ್ಮನ ಹೆಬ್ಬೆಟ್ಟು: (ಜಾಗ ಬಿಟ್ಟಿದ್ದೇನೆ. ಪಟ್ಟಿ ಬಿಚ್ಚಿದ ಮೇಲೆ ಒತ್ತುತ್ತಾಳೆ. ಗೆರೆಗಳು ಮೂಡುತ್ತವೋ ಇಲ್ಲವೋ ಎಂದು ಡಾಕ್ಟರು ಇನ್ನೂ ಹೇಳಿಲ್ಲ.)