ಒಂಬತ್ತು ಪಾಯಿಂಟ್ ನಾಲ್ಕು

ಮಾರ್ಚ್ 1, ಶನಿವಾರ. ಸಂಜೆ ಆರೂವರೆ

ಇವತ್ತು ಹನ್ನೊಂದು ಕಾಮಿಕ್ಸ್ ನೋಡಿದೆ. ನಾಲ್ಕಕ್ಕೆ ಒಂಬತ್ತರ ಮೇಲೆ ಅಂಕ. ಹಿಂದೆಲ್ಲ ಹನ್ನೊಂದರಲ್ಲಿ ಒಂದು ಸಿಕ್ಕರೆ ಅದೇ ದೊಡ್ಡದು. ಜನ ಈಗ ಜೋಪಾನ ಕಲಿತಿರಬೇಕು... ಇಲ್ಲವೇ ನನಗೆ ವಯಸ್ಸಾದಂತೆ ಕರುಣೆ ಹೆಚ್ಚಿರಬೇಕು.

ವಾರವಿಡೀ ಕಾಲೇಜು ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರ್ ಅಂಟಿಸುವ ಕೆಲಸ. ಶನಿವಾರ ಮಾತ್ರ ಸಾಹುಕಾರರ ಹಳೇ ಕಾಮಿಕ್ಸ್ ಅಂಗಡಿಯ ಹಿಂದಿನ ಕೋಣೆ, ಉದ್ದ ಕುತ್ತಿಗೆಯ ದೀಪ, ಹತ್ತಿಯ ಕೈಗವಸು. ಒಂದೊಂದನ್ನೇ ತಿರುಗಿಸಿ ನೋಡಿ ಹತ್ತಕ್ಕೆ ಇಷ್ಟು ಎಂದು ಚೀಟಿ ಬರೆದು ಸಹಿ ಹಾಕುವುದು. ಹದಿನೇಳು ವರ್ಷದಲ್ಲಿ ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟಿಲ್ಲ. (ಸಾಹುಕಾರರು ಹೆಸರಿಗೆ ಮಾತ್ರ ಸಾಹುಕಾರರು. ಅವರ ಕುರ್ಚಿಯ ಒಂದು ಕಾಲಿಗೆ ಹಳೆಯ ಟೆಲಿಫೋನ್ ಡೈರೆಕ್ಟರಿಯೇ ಆಧಾರ.)

ಹೊರಡುವಾಗ ತಡೆದರು.

"ಹೈ ಗ್ರೇಡ್ ಅಂದ್ರೇನು ಅಂತ ಒಂದು ಹಾಳೆ ಬರೆದುಕೊಡಯ್ಯಾ. ಗೋಡೆಗೆ ಅಂಟಿಸ್ತೀನಿ. ದಿನಾ ಹತ್ತು ಜನ ಕೇಳ್ತಾರೆ. ಹೇಳಿ ಹೇಳಿ ಬಾಯಿ ಒಣಗಿಹೋಯ್ತು."

"ಎಷ್ಟರಿಂದ ಅಂತ ಬರೀಲಿ?"

"ಅದನ್ನ ನನ್ನ ಕೇಳ್ತೀಯಲ್ಲ! ಕಣ್ಣು ನಿಂದು, ಗಲ್ಲಾ ನಂದು."

ಪ್ರಾಸದ ಚಟ ನನ್ನೊಬ್ಬನದು ಎಂದುಕೊಂಡಿದ್ದೆ. ಅವರಿಗೂ ಅಂಟಿದೆ.

ಮಾರ್ಚ್ 4, ಮಂಗಳವಾರ. ಊಟದ ವಿರಾಮ

ಕರಡು ಒಂದು:

ಬೆನ್ನು ನೆಟ್ಟಗಿರಲಿ, ಹಾಳೆ ಬೆಳ್ಳಗಿರಲಿ,
ಮೂಲೆ ಮೊನಚಿರಲಿ, ಪಿನ್ನು ಮಿನುಗುತಿರಲಿ.

ಬೆಳಿಗ್ಗೆ ತಿಂಡಿ ತಿನ್ನುತ್ತ ಹೆಂಡತಿಗೆ ಓದಿ ಹೇಳಿದೆ. "ಮದುವೆ ಜಾಹೀರಾತಿನ ಹಾಗಿದೆ," ಅಂದಳು. "ಸಂಬಳ ಎಷ್ಟಿರಬೇಕು ಅಂತಾನೂ ಸೇರಿಸಿ." ಆಮೇಲೆ: "ಹಾಳೇನ ಯಾಕೆ ಅಷ್ಟು ದೂರ ಹಿಡ್ಕೊಂಡಿದ್ದೀರ? ಕಚ್ಚುತ್ತಾ?"

ಇವಳು ಆಸ್ಪತ್ರೆಯ ಲ್ಯಾಬಿನಲ್ಲಿ. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಂದು, ಮಿಕ್ಕಿದ್ದನ್ನು ನನ್ನ ಮೇಲೆ ಇಡುತ್ತಾಳೆ.

ವಿಷಯಕ್ಕೆ ಬರೋಣ. ಒಂಬತ್ತು ಪಾಯಿಂಟ್ ಎರಡರಿಂದ ಮೇಲೆ ಹೈ ಗ್ರೇಡ್ — ನಾನು ಈ ಕೆಲಸ ಕಲಿತದ್ದು ಹಾಗೆ. ಅಂದರೆ ಪುಸ್ತಕದ ಬೆನ್ನಿನ ಮೇಲೆ, ಹಾಳೆ ಹಿಡಿದ ಪಿನ್ನಿನ ಸುತ್ತ, ಬಣ್ಣ ಒಡೆದು ಕಾಣುವ ಬಿಳಿ ಕೂದಲುಗೆರೆ ಒಂದೋ ಎರಡೋ. ಮೂರನೆಯದು ಕಂಡರೆ ಕೆಳಗಿಳಿ. ಎಂಟು ಸಾಕು ಅನ್ನುವವರೂ ಇದ್ದಾರೆ. ಓದಲು ಹುಟ್ಟಿದ ಪುಸ್ತಕ, ಒಂದಿಬ್ಬರಾದರೂ ಓದಿರಬಾರದೇ ಅನ್ನುತ್ತಾರೆ. ಇತ್ತೀಚೆಗೆ ನನಗೂ ಅದು ಸರಿ ಅನ್ನಿಸುತ್ತಿದೆ. ಯಾಕೋ ಗೊತ್ತಿಲ್ಲ.

ಮಾರ್ಚ್ 8, ಶನಿವಾರ. ಸಂಜೆ

ಮೇಷ್ಟ್ರು ಬಂದಿದ್ದರು. ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಒಂದೇ ಮಾಲೆಯ ಕಾಮಿಕ್ಸ್ ಕೂಡಿಸುತ್ತಾರೆ, ಅದರಲ್ಲೂ ಇಪ್ಪತ್ತೇಳನೆಯ ಸಂಚಿಕೆ ಅಂದರೆ ಪ್ರಾಣ. ಅವರ ಹತ್ತಿರ ಒಂದು ಪ್ರತಿ ಇತ್ತು. ಆರು ವರ್ಷದ ಹಿಂದೆ ನಾನೇ ಎಂಟು ಕೊಟ್ಟಿದ್ದೆ. ಅವತ್ತಿನಿಂದ ಅದಕ್ಕಿಂತ ಮೇಲಿನದಕ್ಕೆ ಹುಡುಕಾಟ. ಡಿಸೆಂಬರಿನಲ್ಲಿ ಅಂಗಡಿಗೆ ಒಂದು ಬಂತು. ಒಂಬತ್ತು ಪಾಯಿಂಟ್ ನಾಲ್ಕು ಬರೆದೆ. "ಬೆನ್ನು ನಿರ್ಮಲ" ಎಂದು ಷರಾ ಬೇರೆ. ತಮ್ಮ ಹಳೆಯದನ್ನು ಅಂಗಡಿಗೆ ಬಿಟ್ಟು ಇದನ್ನು ಎದೆಗವಚಿಕೊಂಡು ಹೋಗಿದ್ದರು.

ಇವತ್ತು ಬಂದವರು ಹೊಸ ಕನ್ನಡಕ ಹಾಕಿದ್ದರು. ಚೆನ್ನಾಗಿದೆ ಅಂದೆ.

"ನಿಮ್ಮಿಂದಾನೇ ಸ್ವಾಮಿ," ಅಂದರು.

"ನನ್ನಿಂದ?"

"ಆ ಇಪ್ಪತ್ತೇಳನ್ನ ಮನೆಗೆ ತಗೊಂಡು ಹೋಗಿ ನೋಡ್ತೀನಿ, ಬೆನ್ನ ಮೇಲೆ ನಾಲ್ಕು ಬಿಳಿ ಗೆರೆ. ಚೀಟಿ ನೋಡ್ತೀನಿ, ಬೆನ್ನು ನಿರ್ಮಲ. ನಿಮ್ಮ ಸಹಿ. ಸರಿ, ನನ್ನ ಕಣ್ಣು ಹೋಯ್ತು ಅಂತ ಡಾಕ್ಟರ ಹತ್ರ ಹೋದೆ. ನಂಬರ್ ಬದಲಾಗಿಲ್ಲ ಅಂದ. ಅವನಿಗೇನು ಗೊತ್ತು? ಇನ್ನೊಬ್ಬರ ಹತ್ರ ಹೋಗಿ ಇದನ್ನ ಮಾಡಿಸ್ಕೊಂಡೆ."

"ಈಗ?"

"ಈಗ ಐದು ಕಾಣ್ತಿವೆ!"

ನಕ್ಕರು. ಮನಸಾರೆ. ವಯಸ್ಸು ನೋಡಿ ಸ್ವಾಮಿ, ಕಣ್ಣೂ ಆಟ ಆಡುತ್ತೆ, ಅಂದರು. ನಾನು ಏನು ಹೇಳಿದೆ? "ಮನೆ ಬೆಳಕಿನ ದೋಷ ಇರಬಹುದು ಮೇಷ್ಟ್ರೇ."

ಬೆಳಕಿನ ದೋಷವಂತೆ. ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತು! ನಂತರ ಮೂರು ಪುಸ್ತಕ ನೋಡಿದೆ. ಏನು ಬರೆದೆನೋ ನೆನಪಿಲ್ಲ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ ಒಂಬತ್ತು

ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಲ ಕಾಫಿ ಮಾಡಿ ಎರಡು ಸಲವೂ ಆರಿಹೋಗಲು ಬಿಟ್ಟೆ.

ಅದೇ ದಿನ, ಹನ್ನೊಂದು

ಇವಳು ಬಟ್ಟೆ ಒಣಗಿ ಹಾಕುತ್ತಿದ್ದಳು. ಮೇಷ್ಟ್ರ ವಿಷಯ ಹೇಳಿದೆ. ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ಒಳಗೆ ಹೋದಳು, ನನ್ನ ಕಪಾಟಿನಿಂದ ಒಂದು ಕಾಮಿಕ್ಸ್ ತಂದಳು — ನಾನು ಹೋದ ವರ್ಷ ಒಂಬತ್ತು ಕೊಟ್ಟು ನನಗೇ ಇಟ್ಟುಕೊಂಡದ್ದು.

"ಬೆನ್ನಲ್ಲಿ ಎಷ್ಟು ಗೆರೆ ಇವೆ?"

ಕಿಟಕಿಗೆ ಹಿಡಿದು ನೋಡಿದೆ. "ಒಂದು."

ತನ್ನ ಚಾಳೀಸು ತೆಗೆದು ನನ್ನ ಮೂಗಿನ ಮೇಲೆ ಕೂರಿಸಿದಳು. "ಈಗ?"

ಏಳು.

ಒಂದು, ಎರಡು ಎಂದು ಬೆರಳಿಟ್ಟು ಎಣಿಸಿದೆ. ಏಳೂ ಅಲ್ಲೇ ಸಾಲಾಗಿ ನಿಂತಿದ್ದವು. ನನ್ನನ್ನೇ ಕಾಯುತ್ತಿದ್ದವರ ಹಾಗೆ.

"ಎರಡು ವರ್ಷದಿಂದ ಹೇಳ್ತಿದ್ದೀನಿ," ಅಂದಳು. "ಹೆಂಡತಿ ಹೇಳಿದ್ದು ಅಂತ ಬಿಟ್ರಿ."

"ಎರಡು ವರ್ಷವಾ?"

"ಪೇಪರ್ ಓದೋಕೆ ಕೈ ಸಾಲದೆ ಎದುರುಮನೆ ಜಗಲಿ ಮೇಲೆ ಹರಡಬೇಕು, ಹಾಗಿದೆ ನಿಮ್ಮ ಸ್ಥಿತಿ."

ಹಳೆಯ ಡೈರಿ ತೆಗೆದು ನೋಡಿದೆ. ನಾಲ್ಕು ವರ್ಷದ ಹಿಂದೆ ಇರುವೆ ಸಾಲಿನಂಥ ಅಕ್ಷರ, ಒಂದು ಪುಟಕ್ಕೆ ಮೂರು ದಿನ. ಈ ವರ್ಷ ಒಂದು ದಿನಕ್ಕೆ ಎರಡು ಪುಟ. ನಾನು ಮಾತುಗಾರನಾಗಿದ್ದೇನೆ ಅಂದುಕೊಂಡಿದ್ದೆ.

ಕರುಣೆಯಲ್ಲ ಅದು. ಕುರುಡು.

ಮಾರ್ಚ್ 11, ಮಂಗಳವಾರ

ಕನ್ನಡಕದಂಗಡಿ. ಒಂದು ಪಾಯಿಂಟ್ ಏಳು ಐದು, ಅಂದ. ಕೊನೆಗೂ ನನಗೊಂದು ಗ್ರೇಡ್ ಸಿಕ್ಕಿತು.

ಚಾಳೀಸು ಬಂತು, ಚಾಳಿ ಹೋಗಲಿಲ್ಲ — ಬಸ್ಸಿನಲ್ಲಿ ಪ್ರಾಸ ಕಟ್ಟುತ್ತ ಇಳಿಯುವ ಸ್ಟಾಪ್ ದಾಟಿಹೋದೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ ಮೂರು

ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಹೈ ಗ್ರೇಡ್ ಎಂದು ಅರವತ್ತಮೂರು ಕಾಮಿಕ್ಸ್. ಎಲ್ಲದರ ಮೇಲೂ ನನ್ನ ಸಹಿ. ಹೊಸ ಕನ್ನಡಕದಲ್ಲಿ ಒಂದೊಂದನ್ನೇ ನೋಡುತ್ತ ಹೋದೆ. ನಿಲ್ಲುವಂಥವು ಹತ್ತೊಂಬತ್ತು.

ಸಾಹುಕಾರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೇಳಿದೆ.

"ಒಂದು ಕನ್ನಡಕ ಹಾಕ್ಕೊಂಡು ಬಂದು ನಲವತ್ತನಾಲ್ಕು ಪುಸ್ತಕ ಕೆಳಗಿಳಿಸ್ತೀಯಾ?"

"ಗೆರೆ ಇವೆ ಸಾಹುಕಾರ್ರೇ."

"ಮುಂಚೆ ಇರಲಿಲ್ವಾ?"

"ಇದ್ವು. ನನಗೆ ಕಾಣ್ತಿರಲಿಲ್ಲ."

"ನೋಡು, ಯಾರಿಗೂ ಕಾಣದೇ ಇದ್ದದ್ದು ಈಗ ಯಾಕೆ ಕಾಣಬೇಕು? ಕನ್ನಡಕ ತೆಗಿ."

ತೆಗೆಯಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕ ಕೂತರು. ದನಿ ತಗ್ಗಿತು.

"ಒಂದು ಮಾತು ಹೇಳ್ತೀನಿ. ಪುಸ್ತಕ ಇಳಿಸ್ಬೇಡ, ಹೈ ಗ್ರೇಡಿನ ಗೆರೆ ಇಳಿಸು. ಆ ಹಾಳೆ ಇನ್ನೂ ಬರೆದಿಲ್ಲ ತಾನೇ? ಎಂಟರಿಂದ ಮೇಲೆ ಹೈ ಗ್ರೇಡ್ ಅಂತ ಬರಿ. ಮೂವತ್ತು ಪುಸ್ತಕ ಹಾಗೇ ಉಳ್ಕೊಳ್ತವೆ. ನೀನೇ ಹೇಳ್ತಿದ್ದೆಯಲ್ಲ ಎಂಟು ಸಾಕು ಅಂತ?"

ಹೇಳುತ್ತಿದ್ದೆ. ನಿಜ.

"ಮೇಷ್ಟ್ರ ಇಪ್ಪತ್ತೇಳು ಎಂಟೂ ಬರಲ್ಲ," ಅಂದೆ. "ಐದು ಗೆರೆ ಅಂದ್ರೆ ಏಳೂವರೆ."

"ಹಂಗಾದ್ರೆ ಏಳೂವರೆಯಿಂದ ಅಂತ ಬರಿ! ನಿನ್ನಪ್ಪನ ಗಂಟೇನು ಹೋಗುತ್ತೆ?"

ಮಾರ್ಚ್ 20, ಗುರುವಾರ. ಮುಂಜಾನೆ

ಒಂದು ವಾರದಿಂದ ಬರೆದಿಲ್ಲ. ಹಾಳೆ ಬರೆಯುತ್ತಿದ್ದೆ.

ಮುಗಿಯಿತು. "ಎಂಟು ಮತ್ತು ಮೇಲ್ಪಟ್ಟವು." ಕಾರಣ ಹನ್ನೊಂದು ಕೊಟ್ಟಿದ್ದೇನೆ. ಆ ಕಾಲದ ಕಾಗದ ತೆಳು. ಅಂಗಡಿಗಳಲ್ಲಿ ಹಗ್ಗಕ್ಕೆ ನೇತುಹಾಕುತ್ತಿದ್ದರು, ಬೆನ್ನಿಗೆ ಗೆರೆ ಬೀಳದೆ ಇನ್ನೇನು. ಓದಿದ ಗುರುತು ಕಲೆಯಲ್ಲ. ಇತ್ಯಾದಿ. ಹನ್ನೊಂದೂ ನಿಜ. ಯಾರು ಬೇಕಾದರೂ ಬಂದು ವಾದ ಮಾಡಲಿ, ಗೆಲ್ಲುತ್ತೇನೆ.

ಇವಳಿಗೆ ಓದಿದೆ. ಕೊನೆಯವರೆಗೂ ಕೇಳಿದಳು. ಅಪರೂಪ.

"ಚೆನ್ನಾಗಿದೆ," ಅಂದಳು. "ಕನ್ನಡಕ ಬರೋಕೆ ಮುಂಚೆ ಬರೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಡಬ್ಬಿ ತಗೊಂಡು ಕೆಲಸಕ್ಕೆ ಹೋದಳು. ಬಾಗಿಲು ಕೂಡ ಮೆಲ್ಲಗೆ ಹಾಕಿಕೊಂಡು. ಧಡಾರೆಂದು ಹಾಕಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರ್ಚ್ 22, ಶನಿವಾರ. ಸಂಜೆ ಐದು

ಹಾಳೆ ಹರಿದೆ. ಹೊಸದು ಮೂರೇ ಸಾಲು: ಹೈ ಗ್ರೇಡ್ ಅಂದರೆ ಒಂಬತ್ತು ಪಾಯಿಂಟ್ ಎರಡರಿಂದ ಮೇಲೆ. ಬೆನ್ನಿನಲ್ಲಿ ಗೆರೆ ಎರಡಕ್ಕಿಂತ ಹೆಚ್ಚಿರಬಾರದು. ಎರಡು ವರ್ಷದಿಂದ ಈಚಿನ ಚೀಟಿಗಳನ್ನು ತಂದರೆ ಮತ್ತೆ ನೋಡಿಕೊಡಲಾಗುವುದು. ಪ್ರಾಸವಿಲ್ಲ.

ಸಾಹುಕಾರರು ಮೂರನೆಯ ಸಾಲನ್ನು ಎರಡು ಸಲ ಓದಿದರು. ಬೈಯಲಿಲ್ಲ. "ನೀನು ಉದ್ಧಾರ ಆಗಲ್ಲ," ಅಂದು ಗೋಂದಿನ ಬಾಟಲಿ ನನ್ನತ್ತ ತಳ್ಳಿದರು. ಅಂಟಿಸಿದೆ. ನಲವತ್ತನಾಲ್ಕು ಚೀಟಿ ಕಿತ್ತೆ.

ಆಮೇಲೆ ಕೇಳಿದೆ: "ಮೇಷ್ಟ್ರು ಬಿಟ್ಟುಹೋದ ಹಳೇ ಇಪ್ಪತ್ತೇಳು ಎಲ್ಲಿ?"

ಅದು ತಲೆಗೆ ಹೊಕ್ಕಿದ್ದು ನಿನ್ನೆ. ಆರು ವರ್ಷದ ಹಿಂದೆ ನನ್ನ ಕಣ್ಣು ನೆಟ್ಟಗಿತ್ತು. ಆಗ ಕೊಟ್ಟ ಎಂಟು ಅಂದರೆ ಎಂಟೇ. ಮೇಷ್ಟ್ರು ಎಂಟನ್ನು ಬಿಟ್ಟು ಏಳೂವರೆಯನ್ನು ಒಯ್ದಿದ್ದಾರೆ. ನನ್ನ ಮಾತು ಕೇಳಿ. ಒಳ್ಳೆಯದು ಕೈಲಿತ್ತು, ನಾನೇ ಕೈಬಿಡಿಸಿದೆ.

"ಹೈ ಗ್ರೇಡ್ ಅಲ್ವಲ್ಲ ಅಂತ ಓದೋ ಡಬ್ಬೀಲಿ ಹಾಕಿದ್ದೆ," ಅಂದರು.

ಓದೋ ಡಬ್ಬಿ! ಬಾಗಿಲ ಪಕ್ಕದ ರಟ್ಟಿನ ಪೆಟ್ಟಿಗೆ. ಪ್ಲಾಸ್ಟಿಕ್ ಕವರಿಲ್ಲ. ಯಾರು ಬೇಕಾದರೂ ತಿರುವಿಹಾಕಬಹುದು, ಓದಿ ತಂದಿಡಬಹುದು. ಮಂಡಿಯೂರಿ ಕೂತು ತಳದವರೆಗೂ ತೆಗೆದೆ. ಇರಲಿಲ್ಲ.

"ಎದುರುಗಡೆ ಟೈಲರ್ ಏನೋ ತಗೊಂಡು ಹೋದ ಹಾಗಿತ್ತು. ಊಟ ಮಾಡ್ತಾ ಓದೋಕೆ."

ಊಟ ಮಾಡ್ತಾ. ರಸ್ತೆ ದಾಟುವಾಗ ಆಟೋದವನೊಬ್ಬ ನನ್ನ ವಂಶವನ್ನೆಲ್ಲ ನೆನೆದ.

ಟೈಲರ್ ತಲೆ ಎತ್ತದೆ ಹೊಲಿಯುತ್ತಿದ್ದ. ಕೇಳಿದ್ದಕ್ಕೆ ಮೇಜಿನ ಕೆಳಗಿನ ಕಟಿಂಗ್ ಪೇಪರುಗಳ ಒಟ್ಟಿಲಿಗೆ ಕೈಹಾಕಿ, ನಡುವಿನಿಂದ ಎರಡೂ ಅಂಗೈಯಲ್ಲಿ ಮೆಲ್ಲಗೆ ಎತ್ತಿದ.

"ಇದಾ ಸಾರ್? ಎರಡು ಪುಟ ಓದಿದೆ. ಕೈ ತೊಳ್ಕೊಂಡೇ ಮುಟ್ಟಿದ್ದು."

"ಎಲ್ಲೂ ಮಡಚಿಲ್ವಾ?"

ಆಗ ತಲೆ ಎತ್ತಿದ. "ಏನ್ ಸಾರ್ ಹಿಂಗಂತೀರ! ಕಾಟನ್ ಪೀಸ್ ಕೊಟ್ರೂ ನನ್ನ ಕೈಲಿ ಸುಕ್ಕು ಬೀಳಲ್ಲ. ಪುಸ್ತಕ ಮಡಚ್ತೀನಾ?"

ಅಲ್ಲೇ, ಅವನ ಹೊಲಿಗೆ ದೀಪದ ಕೆಳಗೆ ನೋಡಿದೆ. ಹೊಸ ಗೆರೆ ಒಂದೂ ಇಲ್ಲ. ಹಳೆಯವು ಮೂರು. ಕೆಳಮೂಲೆ ಸ್ವಲ್ಪ ಮೊಂಡು. ಎಂಟು. ಇವತ್ತಿಗೂ ಎಂಟೇ.

ಅಳು ಬಂದಹಾಗಾಯಿತು. ಟೈಲರ್ ನೋಡಿದ. "ಅಷ್ಟು ಒಳ್ಳೇ ಕಥೆನಾ ಸಾರ್? ಮುಗಿಸಿಬಿಡ್ಬೇಕಿತ್ತು."

ಮಾರ್ಚ್ 23, ಭಾನುವಾರ. ಮಧ್ಯಾಹ್ನ ಒಂದು

ಹತ್ತೂವರೆಗೆ ಮೇಷ್ಟ್ರ ಮನೆ. ಎರಡನೇ ಮಹಡಿ, ಕಿರಿದಾದ ಮೆಟ್ಟಿಲು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಅಷ್ಟೂ ಮರೆತು, "ನಿಮ್ಮ ಕಣ್ಣು ಸರಿಯಾಗಿದೆ ಮೇಷ್ಟ್ರೇ, ನನ್ನದು ಕೆಟ್ಟಿದ್ದು," ಅಂದೆ.

ಒಳಗೆ ಕರೆದರು. ಎಲ್ಲ ಹೇಳಿದೆ. ಬೆಳಕಿನ ದೋಷ ಅಂದದ್ದೂ ಸುಳ್ಳು ಅಂದೆ. ಈ ಸಲ ನಗಲಿಲ್ಲ.

"ನಲವತ್ತು ವರ್ಷ ಮಕ್ಕಳಿಗೆ ಗೆರೆ ಎಳೆಯೋದು ಕಲಿಸಿದವನು ನಾನು," ಅಂದರು. "ಕಣ್ಣೆದುರಿಗೆ ಗೆರೆ ಕಾಣ್ತಿದೆ. ಆದರೂ ನಿಮ್ಮ ಚೀಟಿ ನಂಬಿದೆ. ಎರಡು ಡಾಕ್ಟರ್ ಸ್ವಾಮಿ... ಮಗಳು ಫೋನ್ ಮಾಡಿದಾಗ, ಕಣ್ಣು ಹೋಗ್ತಿದೆ ಕಣಮ್ಮಾ, ಇನ್ನು ಬ್ರಶ್ ಹಿಡಿಯೋಕಾಗಲ್ಲ ಅಂದೆ. ಮೂರು ತಿಂಗಳಿಂದ ಬಣ್ಣ ಮುಟ್ಟಿಲ್ಲ."

ಗೋಡೆಯ ಪಕ್ಕ ಚಿತ್ರ ಬರೆಯುವ ಖಾಲಿ ಬೋರ್ಡು, ಮೇಲೆ ಟವೆಲ್ ಹೊದಿಸಿತ್ತು. ಅಲ್ಲಿಯವರೆಗೆ ನೋಡಿರಲಿಲ್ಲ.

ಹಳೆಯ ಇಪ್ಪತ್ತೇಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ನಿಮ್ಮದು, ವಾಪಸ್ ತಂದಿದ್ದೀನಿ, ಅಂದೆ. ಮೇಷ್ಟ್ರು ಮುಟ್ಟಲಿಲ್ಲ. ಆಮೇಲೆ ಎದ್ದು ಕೈ ತೊಳೆದು, ಒರೆಸಿಕೊಂಡು ಬಂದರು.

"ನೀವು ಮಾತಾಡಬೇಡಿ," ಅಂದರು. "ಇವತ್ತು ನಾನು ಹೇಳ್ತೀನಿ."

ಕಿಟಕಿಯ ಹತ್ತಿರ ನಿಂತು ನೋಡಿದರು. ಮುಂದೆ, ಹಿಂದೆ, ಒಳಹಾಳೆ. ಮೂಗು ತಾಗುವಷ್ಟು ಹತ್ತಿರ. ನಾನು ಪರೀಕ್ಷೆಗೆ ಬಂದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಮೆಲ್ಲಮೆಲ್ಲಗೆ ಅವರ ಮುಖ ಅರಳಿತು.

"ಗೆರೆ ಎರಡೇ. ಒಂಬತ್ತು ಪಾಯಿಂಟ್ ಎರಡು. ಹೈ ಗ್ರೇಡ್! ಆರು ವರ್ಷ ಮನೇಲೇ ಇಟ್ಕೊಂಡಿದ್ದೆ ನೋಡಿ... ಹೇಳಿ ಈಗ. ಸರೀನಾ ನನ್ನ ಕಣ್ಣು?"

ಹೌದು ಅಂದರೆ ಮುಗಿದುಹೋಗುತ್ತಿತ್ತು. ಪುಸ್ತಕ ಅವರದು, ಮನೆ ಅವರದು, ಚೀಟಿ ಯಾರೂ ಕೇಳುವುದಿಲ್ಲ. ಟವೆಲ್ ಸರಿಸಿ ಸಂಜೆಯೇ ಬಣ್ಣ ಕಲಸಿಯಾರು. ನಾಲಿಗೆ ತುದಿಯವರೆಗೂ ಬಂದಿತ್ತು ಆ ಹೌದು.

ಕನ್ನಡಕ ಹಾಕಿಕೊಂಡೆ. ಎದ್ದು ಅವರ ಪಕ್ಕ ನಿಂತೆ.

"ಎರಡನ್ನ ಸರಿಯಾಗಿ ಹಿಡಿದ್ರಿ ಮೇಷ್ಟ್ರೇ," ಅಂದೆ. "ಇನ್ನೊಂದಿದೆ. ಸ್ವಲ್ಪ ಓರೆ ಮಾಡಿ... ಇನ್ನೂ ಸ್ವಲ್ಪ... ಹಾಂ. ಈಗ ಕೆಳಗಿನ ಪಿನ್ನಿನ ಹತ್ತಿರ —"